ಮೊದಲು ಮಾರುವುದನ್ನು ಕಲಿಸಿ

ಬೆಂಗಳೂರಿನ ಪಿಯು ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಕಾನೂನಿಗೆ ಒಪ್ಪುವಂತೆ, ಮೋಸ ಹೋಗದಂತೆ ಕೊಳ್ಳುವುದನ್ನೂ ಮಾರುವುದನ್ನೂ ಹೇಗೆ ಕಲಿಸಬೇಕೆಂದು ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಪಿಯು ಮಕ್ಕಳಿಗೆ ವಾಣಿಜ್ಯ ಪಾಠ ಮಾಡುತ್ತೇನೆ. ನನ್ನ ಸಲಹೆ ಒಂದೇ: ಮೊದಲು ಮಾರುವುದನ್ನು ಕಲಿಸಿ. ಕೊಳ್ಳುವವರಿಗೆ ಹೇಳುವ ಎಚ್ಚರಿಕೆಯ ಮಾತುಗಳನ್ನು ಮಕ್ಕಳು ಕೇಳಿ ಕೇಳಿ ಬೇಸತ್ತಿದ್ದಾರೆ.

ಮನೆಯಲ್ಲಿರುವ ಹಳೆಯ ವಸ್ತುವೊಂದಕ್ಕೆ ಜಾಹೀರಾತು ಬರೆಯಲು ಹೇಳಿ. ನಮ್ಮ ತರಗತಿಯಲ್ಲಿ ಒಬ್ಬ ತನ್ನ ಸೈಕಲ್ಲಿನ ಬಗ್ಗೆ 'ಹೊಸದರಂತಿದೆ' ಎಂದು ಬರೆದ. ಪಕ್ಕದಲ್ಲಿದ್ದವನು ತಡೆಯಲಾರದೆ, "ಸರ್, ಇವನ ಸೈಕಲ್ ಚೈನ್ ದಿನವೂ ಕಳಚುತ್ತದೆ" ಎಂದ. "ನೀನೇ ಕೊಳ್ಳುವವನಾಗಿದ್ದರೆ ಎಷ್ಟು ಕೊಡುತ್ತಿದ್ದೆ?" ಎಂದು ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಲೆಯನ್ನು ಹೊಡೆದುಹಾಕಿ 500 ರೂಪಾಯಿ ಇಳಿಸಿದ. ಕೆಳಗೆ 'ಚೈನ್ ಬದಲಿಸಬೇಕು' ಎಂದು ಸೇರಿಸಿದ. ಸುಳ್ಳು ಜಾಹೀರಾತಿನ ಬಗ್ಗೆ ನಾನು ಬೇರೆ ಪಾಠ ಮಾಡಲಿಲ್ಲ.

ಆಮೇಲೆ ಕೊಳ್ಳಲು ಬರುವವನ ಪಾತ್ರ ನೀವೇ ವಹಿಸಿ. "ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ನೋಡದೆಯೇ ಕೊಳ್ಳುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ" ಎಂದು ಅವಸರಪಡಿಸಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ ಎಂಬುದು ಆಗ ಮನಸ್ಸಿನಲ್ಲಿ ನಿಲ್ಲುತ್ತದೆ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಹಾರಿ ಕೈತಪ್ಪುತ್ತದೆ.

ಹಳೆಯ ಮೊಬೈಲ್ ಕೊಳ್ಳುವವರು *#06# ಒತ್ತಿ ಐಎಂಇಐ ಸಂಖ್ಯೆಯನ್ನು, ಅಂದರೆ ಆ ಮೊಬೈಲಿನ ಗುರುತಿನ ಸಂಖ್ಯೆಯನ್ನು, ಬಿಲ್ಲಿನೊಂದಿಗೆ ಹೋಲಿಸಿ ನೋಡಲಿ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ 3 ವರ್ಷಗಳವರೆಗೆ ಜೈಲು ಶಿಕ್ಷೆ ಆಗಬಹುದು. ನಮ್ಮ ನಾಡಿನ ಗಿಳಿಮರಿ, ನಕ್ಷತ್ರ ಆಮೆ ಮಾರಾಟಕ್ಕಿವೆ ಎಂಬ ಜಾಹೀರಾತುಗಳನ್ನೂ ತೋರಿಸಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧವೆಂದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. 18 ತುಂಬದವರ ಒಪ್ಪಂದಕ್ಕೆ 1872ರ ಕರಾರು ಕಾಯ್ದೆಯಲ್ಲಿ ಬೆಲೆಯಿಲ್ಲ. ಹಾಗಾಗಿ ದೊಡ್ಡ ವ್ಯವಹಾರ ತಂದೆತಾಯಿಯ ಹೆಸರಿನಲ್ಲೇ ನಡೆಯಲಿ.

ಕೊಳ್ಳುವವರ ಹಕ್ಕುಗಳಿಗೆ ಒಂದು ತರಗತಿ ಸಾಕು. 2020ರ ಇ-ವಾಣಿಜ್ಯ ನಿಯಮಗಳಂತೆ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಡುವುದೂ ಮಾರಾಟವೇ ಎಂಬುದನ್ನು ಮಾತ್ರ ಮೊದಲ ವಾರದಲ್ಲೇ ಹೇಳಿಬಿಡಿ. ನಾನು ಅದನ್ನು ವರ್ಷದ ಕೊನೆಗೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ನಮ್ಮ ದ್ವಿತೀಯ ಪಿಯು ಹುಡುಗನೊಬ್ಬ ತಿಂಗಳಿಗೆ ಎರಡು ಸಾವಿರ ರೂಪಾಯಿಯ ಆಸೆಗೆ ತನ್ನ ಎಟಿಎಂ ಕಾರ್ಡನ್ನೂ ಸಿಮ್ಮನ್ನೂ ಪರಿಚಯದವನಿಗೆ ಕೊಟ್ಟಿದ್ದ. ಯಾರಿಗೋ ವಂಚಿಸಿದ ಹಣ ಆ ಖಾತೆಯ ಮೂಲಕ ಹಾದುಹೋಯಿತು, ಖಾತೆ ಸ್ಥಗಿತವಾಯಿತು, ವಿದ್ಯಾರ್ಥಿವೇತನವೂ ಅದರಲ್ಲೇ ಸಿಕ್ಕಿಕೊಂಡಿತು. ಅವನ ತಂದೆ ಪೊಲೀಸ್ ನೋಟಿಸನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದು, "ಸರ್, ಇವನು ಏನನ್ನು ಮಾರಿದ್ದಾನೆ?" ಎಂದು ಕೇಳಿದರು.