ಹೋಸ್ ಪೈಪ್ ಹಿಡಿದು ನೋಡಿದ ಆ ಬೆಳಗ್ಗೆಯಿಂದ ಶುರು ಮಾಡಿ

ನಮಸ್ಕಾರ,

ನಿಮ್ಮ ‘ಹೆಡ್ ಗ್ಯಾಸ್ಕೆಟ್: ಲಕ್ಷಣ ಮತ್ತು ಪರಿಹಾರ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಿ ಮತ್ತೆ ಕಳಿಸಿ ಎಂದು ಕೇಳುತ್ತಿದ್ದೇನೆ, ಯಾಕೆಂದರೆ ಅದರೊಳಗೆ ಒಂದು ಒಳ್ಳೆಯ ಬರಹ ಇದೆ. ಅದು ನಾಲ್ಕನೇ ಪುಟದಲ್ಲಿ ಸಿಕ್ಕಿಹಾಕಿಕೊಂಡಿದೆ.

ನೀವು ಹೇಳಿರುವ ಕಥೆ ಇಷ್ಟು. ಮಂಡ್ಯದ ನಿಮ್ಮ ಸೋದರಮಾವನ 1998ರ ಮೂರು ಸಿಲಿಂಡರ್ ಕಾರು ಮೈಸೂರಿಗೆ ಬರುವಾಗ ಶ್ರೀರಂಗಪಟ್ಟಣದ ಹತ್ತಿರ ಹೀಟ್ ಆಗಿ ನಿಂತಿತು. ನೀರು ಹಾಕಿಕೊಂಡು ಹೇಗೋ ಊರು ಸೇರಿದಿರಿ. ಮಾರನೇ ದಿನ ಬೆಳಗ್ಗೆ ಮೆಕ್ಯಾನಿಕ್ ಮನೆಗೇ ಬಂದು ನೋಡಿ, ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಹಾಳೆ, ಹೋಗಿದೆ ಎಂದರು. ಹೆಡ್ ಇಳಿಸಿ ಸರಿಮಾಡಿದರು.

ಇದನ್ನು ನೀವು ‘ಗ್ಯಾಸ್ಕೆಟ್ ಹೋಗಿತ್ತು’ ಎಂಬ ಸಾಲಿನಿಂದಲೇ ಶುರು ಮಾಡಿದ್ದೀರಿ. ಅಲ್ಲಿಗೆ ಓದುಗರಿಗೆ ಏನೂ ಉಳಿಯಲಿಲ್ಲ. ಹಳೇ ಗಾಡಿ ಇಟ್ಟುಕೊಂಡವರಿಗೆ ಬೇಕಿರುವುದು ತೀರ್ಪಲ್ಲ, ಅನುಮಾನದ ದಾರಿ. ಇಂಜಿನ್ ಕಾದ ಮೇಲೆ ರೇಡಿಯೇಟರ್ ಕಡೆಗೆ ನೀರು ಬಿಡುವ ಥರ್ಮೋಸ್ಟಾಟ್ ಅಂಟಿಕೊಂಡರೂ ಗಾಡಿ ಹೀಟ್ ಆಗುತ್ತೆ. ಫ್ಯಾನ್ ತಿರುಗದಿದ್ದರೂ, ವಾಟರ್ ಪಂಪ್ ಸವೆದಿದ್ದರೂ, ರೇಡಿಯೇಟರ್ ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೂ ಅದೇ ಗತಿ. ಇವೆಲ್ಲ ಕಡಿಮೆ ಖರ್ಚಿನ ಕೆಲಸ. ಹೆಡ್ ಬಿಚ್ಚುವುದು ಕೊನೆಯದು. ನಿಮ್ಮ ಮೆಕ್ಯಾನಿಕ್ ಇವನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿಕೊಂಡೇ ಅಲ್ಲಿಗೆ ಹೋಗಿದ್ದಾರೆ. ಲೇಖನದಲ್ಲಿ ಅದು ಕಾಣುವುದಿಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ನನಗೊಂದು ಕಾರಣ ಇದೆ. ನಮ್ಮ ತಂದೆಯ ಕಾರು ಹೀಗೇ ಹೀಟ್ ಆದಾಗ ಒಂದು ಗ್ಯಾರೇಜಿನಲ್ಲಿ ಏನೂ ಪರೀಕ್ಷೆ ಮಾಡದೆ ಹೆಡ್ ಇಳಿಸಿಬಿಟ್ಟರು. ಹೊಸ ಗ್ಯಾಸ್ಕೆಟ್ ಹಾಕಿ ಕೊಟ್ಟರು. ಅದೇ ವಾರ ಚಾಮುಂಡಿ ಬೆಟ್ಟ ಹತ್ತುವಾಗ ಟೆಂಪರೇಚರ್ ಮೀಟರಿನ ಮುಳ್ಳು ಮತ್ತೆ ಕೆಂಪಿಗೆ ಹೋಯಿತು. ಕೆಟ್ಟಿದ್ದು ಫ್ಯಾನಿನ ಸ್ವಿಚ್. ಬಯಲಲ್ಲಿ ಓಡುವಾಗ ಗಾಳಿ ತಾನಾಗೇ ರೇಡಿಯೇಟರ್‌ಗೆ ಹೊಡೆಯುತ್ತೆ, ಏರಿನಲ್ಲಿ ನಿಧಾನ ಹೋಗುವಾಗ ಫ್ಯಾನೇ ಬೇಕು. ತಂದೆ ಆ ತಿಂಗಳ ದುಡ್ಡನ್ನೆಲ್ಲ ಅದಕ್ಕೇ ಸುರಿದಿದ್ದರು. ಹಾಗಾಗಿ ಕೇಳುತ್ತೇನೆ: ಮಾವನ ಗಾಡಿ ಹೀಟ್ ಆಗಿದ್ದು ಹೆದ್ದಾರಿಯಲ್ಲಿ ಓಡುವಾಗಲೋ, ಟ್ರಾಫಿಕ್‌ನಲ್ಲಿ ನಿಂತಾಗಲೋ? ಈ ಒಂದು ಮಾತು ಲೇಖನದಲ್ಲಿ ಎಲ್ಲೂ ಇಲ್ಲ.

ಇನ್ನು ಹೊಗೆಯ ವಿಷಯ. ‘ಸೈಲೆನ್ಸರ್‌ನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿತ್ತು’ ಎಂದಿದ್ದೀರಿ. ಅದಕ್ಕೂ ಒಂದು ಪುಟ ಹಿಂದೆ, ಮಾವ ಯಾವತ್ತೂ ರೇಡಿಯೇಟರಿಗೆ ಕೂಲೆಂಟ್ ದ್ರವ ಹಾಕಿದವರಲ್ಲ, ಬೋರ್‌ವೆಲ್ ನೀರೇ ಹಾಕುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಆ ಸಿಹಿ ವಾಸನೆ ಕೂಲೆಂಟ್‌ನಲ್ಲಿರುವ ಗ್ಲೈಕಾಲ್‌ನದು. ಬರೀ ನೀರು ಸಿಲಿಂಡರಿಗೆ ಸೇರಿ ಕಾದರೆ ಬರುವುದು ಆವಿ, ಅದಕ್ಕೆ ಸಿಹಿ ಎಲ್ಲಿಂದ ಬರಬೇಕು? ಈ ಸಾಲು ನಿಮ್ಮ ಮೂಗಿನಿಂದ ಬಂದದ್ದಲ್ಲ, ಎಲ್ಲೋ ಓದಿದ್ದು ಅನ್ನಿಸಿತು. ಅಥವಾ ದಾರಿಬದಿಯ ಯಾವುದೋ ಆಲೆಮನೆಯ ಹೊಗೆಯೂ ಇರಬಹುದು. ಮಂಡ್ಯದ ಓದುಗರಂತೂ ಮೊದಲು ಅದನ್ನೇ ಕೇಳುತ್ತಾರೆ, ಅಲ್ವಾ? ನಿಮಗೆ ಬಂದ ವಾಸನೆಯನ್ನೇ ಬರೆಯಿರಿ. ಏನೂ ಬರಲಿಲ್ಲವಾದರೆ ಹಾಗೇ ಬರೆಯಿರಿ, ಆಗ ಅದೇ ಒಂದು ಸುಳಿವಾಗುತ್ತೆ.

ಆಯಿಲ್ ಕ್ಯಾಪಿನ ಒಳಗೆ ಹಾಲಿನ ಕೆನೆಯಂಥದ್ದು ಇತ್ತು, ಆದ್ದರಿಂದ ಗ್ಯಾಸ್ಕೆಟ್ ಹೋಗಿರುವುದು ಖಚಿತ ಎನ್ನುವುದೂ ಅವಸರದ ಮಾತು. ಮಾವ ದಿನಾ ಗಾಡಿ ತೆಗೆಯುವುದು ಎರಡು ಕಿಲೋಮೀಟರ್ ದೂರದ ಡೇರಿಗೆ. ಅಷ್ಟರಲ್ಲಿ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗಿನ ತೇವ ಕ್ಯಾಪಿಗೆ ಹತ್ತಿ ಸುಮ್ನೆ ಹಾಗೆ ಕಾಣುತ್ತೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹೇಗಿತ್ತು? ಅದೂ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಆಯಿಲಿಗೆ ನೀರು ಸೇರಿದೆ ಎಂಬ ಅನುಮಾನಕ್ಕೆ ಬಲ ಬರುತ್ತೆ.

ಈಗ ನಾಲ್ಕನೇ ಪುಟಕ್ಕೆ ಬರುತ್ತೇನೆ. ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಾಗಿದೆ. ಮೆಕ್ಯಾನಿಕ್ ನಿಮಗೆ ಸ್ಟಾರ್ಟ್ ಮಾಡಲು ಹೇಳಿ, ರೇಡಿಯೇಟರ್‌ನ ಮೇಲಿನ ಹೋಸ್ ಪೈಪನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾರೆ. ಏನೂ ಮಾತಾಡುವುದಿಲ್ಲ. ಒಂದು ನಿಮಿಷ ಆದಮೇಲೆ ನಿಮ್ಮನ್ನು ಕರೆದು ನಿಮ್ಮ ಕೈಯನ್ನೂ ಅದರ ಮೇಲೆ ಇಡಿಸುತ್ತಾರೆ. ‘ಪೈಪು ಇನ್ನೂ ತಣ್ಣಗಿತ್ತು, ಆದರೆ ಕಲ್ಲಿನ ಹಾಗೆ ಬಿಗಿದಿತ್ತು.’ ಇದನ್ನು ಓದುವಾಗ ನನ್ನ ಕೈಗೇ ಆ ಬಿಗಿತ ತಿಳಿಯಿತು. ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಆದರೆ ಅದು ಯಾಕೆ ಸುಳಿವು ಎಂದು ಹೇಳದೆ ಮುಂದೆ ಹೋಗಿಬಿಟ್ಟಿದ್ದೀರಿ. ನೀರು ಕಾದರೆ ಪೈಪು ಬಿಗಿಯುವುದು ಸಹಜ. ನೀರು ತಣ್ಣಗಿರುವಾಗಲೇ ಬಿಗಿದರೆ, ಒತ್ತಡ ಬೇರೆ ಕಡೆಯಿಂದ ಬರುತ್ತಿದೆ ಎಂದರ್ಥ. ಕೂಲಿಂಗ್ ಸಿಸ್ಟಮ್ ತಡೆಯುವ ಒತ್ತಡ ಸುಮಾರು 1 ಬಾರ್, ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು. ಸಿಲಿಂಡರ್ ಒಳಗೆ ಪೆಟ್ರೋಲ್ ಉರಿದಾಗ ಅದರ ಹತ್ತಾರು ಪಟ್ಟು ಇರುತ್ತೆ. ನಡುವೆ ಇರುವುದು ಒಂದು ತೆಳು ಗ್ಯಾಸ್ಕೆಟ್. ಅದು ಬಿಟ್ಟುಕೊಟ್ಟ ಕಡೆ ಸುಟ್ಟ ಗಾಳಿ ನೀರಿಗೆ ನುಗ್ಗುತ್ತೆ. ಇಷ್ಟನ್ನು ನಿಮ್ಮ ಮಾತಲ್ಲಿ ಹೇಳಿದರೆ ಎರಡನೇ ಪುಟದ ಆ ಉದ್ದನೆಯ ವ್ಯಾಖ್ಯಾನವೇ ಬೇಡ. ಅದನ್ನು ಪೂರ್ತಿ ತೆಗೆದುಹಾಕಿ.

ಹಳೇ ಪೇಪರ್ ಮೇಲೆ ಮೂರು ಸ್ಪಾರ್ಕ್ ಪ್ಲಗ್ ಸಾಲಾಗಿ ಇಟ್ಟಿದ್ದು, ಎರಡು ಕಂದು ಬಣ್ಣ, ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗೆ. ಅದೂ ಚೆನ್ನಾಗಿದೆ, ಹಾಗೇ ಇರಲಿ. ಆವಿ ಆ ಪ್ಲಗ್ಗನ್ನು ತೊಳೆದಿದೆ ಎಂದು ಒಂದು ಸಾಲು ಸೇರಿಸಿ ಸಾಕು. ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತೆ ಎಂದು ಅಳೆಯುವ ಕಂಪ್ರೆಶನ್ ಟೆಸ್ಟ್‌ನಲ್ಲಿ ‘ಕಡಿಮೆ ಬಂತು’ ಎಂದರೆ ಸಾಲದು. ಮೂರು ಸಿಲಿಂಡರ್‌ನ ಅಂಕಿಯನ್ನೂ ಕೊಡಿ. ಅಕ್ಕಪಕ್ಕದ ಎರಡರಲ್ಲಿ ಬಿದ್ದಿತ್ತೋ, ಒಂದರಲ್ಲೋ? ಅಕ್ಕಪಕ್ಕದ ಎರಡೂ ಬಿದ್ದಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನ ಜಾಸ್ತಿ. ಸಿಲಿಂಡರ್ ಒಳಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ಅನುಮಾನ ಪಿಸ್ಟನ್ನಿನ ರಿಂಗಿನ ಕಡೆಗೆ ತಿರುಗುತ್ತೆ. ಮೆಕ್ಯಾನಿಕ್ ಅದನ್ನು ಮಾಡಿದ್ದರೇ, ಕೇಳಿ.

ಒಂದು ಸಾಲು ಮಾತ್ರ ಯಾವ ಕಾರಣಕ್ಕೂ ಹಾಗೇ ಇರಕೂಡದು. ‘ಗಾಡಿ ನಿಂತ ತಕ್ಷಣ ಕ್ಯಾಪ್ ತೆಗೆದು ತಣ್ಣೀರು ಸುರಿದೆವು.’ ನಿಮಗೆ ಏನೂ ಆಗಲಿಲ್ಲ, ಸಂತೋಷ. ಆದರೆ 0.9 ಬಾರ್ ಒತ್ತಡ ತಡೆಯುವ ರೇಡಿಯೇಟರ್ ಕ್ಯಾಪಿನ ಕೆಳಗೆ ನೀರು 118 ಡಿಗ್ರಿಯ ಸುತ್ತಮುತ್ತ ಹೋಗುವವರೆಗೂ ಕುದಿಯದೆ ಇರುತ್ತೆ. ಕ್ಯಾಪ್ ತಿರುಗಿಸಿದ ಕ್ಷಣ ಅದು ಮುಖಕ್ಕೆ ಚಿಮ್ಮುತ್ತೆ. ಕಾದ ಹೆಡ್‌ಗೆ ತಣ್ಣೀರು ಬಿದ್ದರೆ ಸೀಳಲೂಬಹುದು. ನಿಮ್ಮ ಲೇಖನ ಓದಿ ಯಾರೋ ಒಬ್ಬರು ರಸ್ತೆ ಪಕ್ಕ ಹಾಗೆ ಮಾಡಿದರೆ ನಾನು ನಿದ್ದೆ ಮಾಡಲಾರೆ. ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕಿತ್ತು ಎಂದು ಅಲ್ಲೇ, ಅದೇ ಪ್ಯಾರಾದಲ್ಲಿ ಬರೆಯಿರಿ.

ಕೊನೆಯದಾಗಿ, ಗ್ಯಾಸ್ಕೆಟ್ ಯಾಕೆ ಹೋಯಿತು ಎನ್ನುವುದನ್ನು ನೀವು ಕೇಳಿಯೇ ಇಲ್ಲ. ಅಲ್ಯೂಮಿನಿಯಂ ಹೆಡ್ ಬಿಸಿಗೆ ಹಿಗ್ಗುವುದು ಬೀಡು ಕಬ್ಬಿಣದ ಬ್ಲಾಕ್‌ಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಮೇಲಿಂದ ಮೇಲೆ ಹೀಟ್ ಆದರೆ ಹೆಡ್ ಸೊಟ್ಟಗಾಗುತ್ತೆ, ಗ್ಯಾಸ್ಕೆಟ್ ಹಿಡಿತ ಬಿಡುತ್ತೆ. ವರ್ಷಗಟ್ಟಲೆ ಗಡಸು ಬೋರ್ ನೀರು ಕುಡಿದ ರೇಡಿಯೇಟರ್ ಉಪ್ಪು ಕಟ್ಟಿ ಅರ್ಧ ಮುಚ್ಚಿರುವ ಸಾಧ್ಯತೆ ಇದೆ. ಅದನ್ನು ಕ್ಲೀನ್ ಮಾಡಿಸಿದರೇ? ಹೆಡ್ಡನ್ನು ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿದರೇ, ಅಂದರೆ ಅದರ ತಳವನ್ನು ಮಟ್ಟಸ ಮಾಡಿಸಿದರೇ? ಇಲ್ಲವಾದರೆ ಹೊಸ ಗ್ಯಾಸ್ಕೆಟ್ಟೂ ಬಾಳುವುದಿಲ್ಲ.

ಒಂದು ಸಲ ಮಂಡ್ಯಕ್ಕೆ ಹೋಗಿ ಮಾವನ ಜೊತೆ ಕೂತು ಬನ್ನಿ. ಬಿಚ್ಚಿದ ಹಳೇ ಗ್ಯಾಸ್ಕೆಟ್ಟನ್ನು ಅವರು ಶೆಡ್ಡಿನ ಮೊಳೆಗೆ ನೇತು ಹಾಕಿದ್ದಾರೆ ಎಂದು ಬರೆದಿದ್ದೀರಲ್ಲ, ಅದನ್ನು ಇಳಿಸಿ ಬೆಳಕಿಗೆ ಹಿಡಿಯಿರಿ. ಸಿಲಿಂಡರಿನ ಎರಡು ದೊಡ್ಡ ತೂತುಗಳ ನಡುವೆ, ಅಥವಾ ಸಿಲಿಂಡರಿನ ತೂತಿಗೂ ನೀರಿನ ತೂತಿಗೂ ನಡುವೆ, ಸುಟ್ಟ ಕಪ್ಪು ಗೆರೆ ಇದೆಯೇ ನೋಡಿ. ಎಲ್ಲಿದೆ, ಎಷ್ಟು ಅಗಲ ಇದೆ, ಬೆರಳಿಗೆ ಹೇಗೆ ತಗಲುತ್ತೆ, ಬರೆದು ಕಳಿಸಿ. ಕಾಯುತ್ತಿರುತ್ತೇನೆ.