ಜುಹು ತೀರಕ್ಕೆ ಮಳೆಗಾಲದಲ್ಲಿ

ಪ್ರಶ್ನೆ: ಆಗಸ್ಟ್‌ನಲ್ಲಿ ಮಕ್ಕಳನ್ನು ಕರಕೊಂಡು ಮುಂಬೈಗೆ ಹೊರಟಿದ್ದೇವೆ. ಜುಹು ಬೀಚ್‌ಗೆ ಹೋಗುವುದು ಹೇಗೆ? ನೀರಿಗಿಳಿಯಬಹುದೇ?
– ಓದುಗರು, ಕಲಬುರಗಿ

ಉತ್ತರ: ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ದಾದರ್‌ನಲ್ಲೇ ಇಳಿಯಿರಿ. ಸೇತುವೆ ದಾಟಿ, ಪಶ್ಚಿಮ ರೈಲ್ವೆಯ ಬೊರಿವಲಿ ಕಡೆಯ ಸ್ಲೋ ಲೋಕಲ್ ಹತ್ತಿ, ವಿಲೇ ಪಾರ್ಲೆಯಲ್ಲಿ ಇಳಿಯಿರಿ. ಫಾಸ್ಟ್ ಗಾಡಿಗಳು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ. ನಿಲ್ದಾಣದ ಪಶ್ಚಿಮಕ್ಕೆ ಹೊರಬಂದು ಜುಹುಗೆ ಆಟೊ ಹಿಡಿಯಿರಿ.

ನೀರಿಗೆ ಮಾತ್ರ ಬೇಡವೇ ಬೇಡ. ನಮ್ಮ ಭೀಮಾ ನದಿಯ ದಡದಂತಲ್ಲ ಇದು: ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. ಇಳಿತದಿಂದ (ಸಮುದ್ರದ ನೀರು ಹಿಂದೆ ಸರಿದಾಗ) ಭರತಕ್ಕೆ (ನೀರು ಏರಿದಾಗ) ಸುಮಾರು 6 ಗಂಟೆ. ಆ ದಿನದ ವೇಳೆ ನೋಡಿಕೊಂಡು, ಇಳಿತದಲ್ಲಿ ಮರಳಿನ ಮೇಲೆ ಅಡ್ಡಾಡಿ. ಮಕ್ಕಳಿಗೆ ಚಪ್ಪಲಿ ಇರಲಿ, ಮಳೆಗಾಲದಲ್ಲಿ ನೀಲಿ ಗುಳ್ಳೆಯಂಥ, ಕುಟುಕುವ ಕಡಲಜೀವಿ ಬ್ಲೂ ಬಾಟಲ್‌ಗಳು ದಡಕ್ಕೆ ಬಂದು ಬೀಳುತ್ತವೆ. ಕುಟುಕಿದರೆ ಉಜ್ಜಬೇಡಿ, ಮೈಗೆ ಅಂಟಿದ ಅದರ ಎಳೆ ತೆಗೆದು, ಸಮುದ್ರದ ನೀರಿನಿಂದಲೇ ತೊಳೆದು, ತಾಳುವಷ್ಟು ಬಿಸಿನೀರಲ್ಲಿ 20 ನಿಮಿಷ ಅದ್ದಿ. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ.