ಕಾಲಡಿ ನಿಲ್ಲದಿರುವಾಗ ಗುರಿ

ಈ ಸಂಚಿಕೆಯ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ನೌಕಾಪಡೆಯ ಗನ್ನರಿ ವಿಭಾಗದಿಂದ ನಿವೃತ್ತರಾಗಿ ಕಾರವಾರದಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು.

ಪ್ರಶ್ನೆ: ಒಂದು ಕಿಲೋಮೀಟರ್ ದೂರದ ಗುರಿ ಹೊಡೆಯುವ ಸ್ನೈಪರ್‌ಗಳಿದ್ದಾರೆ. ಹೀಗಿರುವಾಗ 2009ರಲ್ಲಿ ಸೊಮಾಲಿಯಾ ಕಡಲ್ಗಳ್ಳರಿಂದ ಕ್ಯಾಪ್ಟನ್ ರಿಚರ್ಡ್ ಫಿಲಿಪ್ಸ್ ಅವರನ್ನು ಬಿಡಿಸುವಾಗ ಯುದ್ಧನೌಕೆಯ ಮೇಲಿನ ಸ್ನೈಪರ್‌ಗಳು ಸುಮಾರು 30 ಮೀಟರಿನಿಂದ ಹೊಡೆದ ಮೂರು ಗುಂಡುಗಳನ್ನು ಅಷ್ಟೊಂದು ಹೊಗಳುವುದೇಕೆ?
– ಓದುಗರು, ಹಾಸನ

ಉತ್ತರ: ದೂರವೊಂದನ್ನೇ ಲೆಕ್ಕಕ್ಕೆ ಹಿಡಿದರೆ ನಿಮ್ಮ ಅನುಮಾನ ನ್ಯಾಯವಾದದ್ದೇ. ನೆಲಕ್ಕೆ ಎದೆಯೊತ್ತಿ ಮಲಗಿ ಹೊಡೆಯುವವನು ಗಾಳಿ, ದೂರ, ತನ್ನ ಉಸಿರು ಇವನ್ನು ಗೆದ್ದರೆ ಸಾಕು. ಹಡಗಿನ ಮೇಲಿರುವವನಿಗೆ ಅವೆಲ್ಲ ಆಮೇಲಿನ ಮಾತು. ಅವನು ಕಾಲೂರಿದ ಡೆಕ್ಕೇ ತೂಗುತ್ತಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಹಡಗು ಆ ಕಡೆ ಐದು ಡಿಗ್ರಿ, ಈ ಕಡೆ ಐದು ಡಿಗ್ರಿ ವಾಲುತ್ತಿದೆ. ಒಂದು ಸುತ್ತು ಮುಗಿಯಲು ಎಂಟು ಸೆಕೆಂಡು ಬೇಕು ಎನ್ನಿ. ಇದು ಒಳ್ಳೆಯ ಸಮುದ್ರ, ಬಿರುಗಾಳಿಯೇನಲ್ಲ. ವಾಲಾಟದ ನಡುಮಧ್ಯದಲ್ಲಿ ಡೆಕ್ ಸೆಕೆಂಡಿಗೆ ಸುಮಾರು ನಾಲ್ಕು ಡಿಗ್ರಿ ತಿರುಗುತ್ತಿರುತ್ತದೆ. ಗುರಿ ಕೂಡಿತು ಎಂದು ಕಣ್ಣು ಕಂಡು ಬೆರಳು ಟ್ರಿಗರ್ ಒತ್ತುವುದಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ನಳಿಗೆ 0.8 ಡಿಗ್ರಿ ಸರಿದಿರುತ್ತದೆ. ಪಕ್ಕದಲ್ಲಿರುವ ಗುರಿಗೆ 30 ಮೀಟರಿನಲ್ಲಿ ಅದು 40 ಸೆಂಟಿಮೀಟರ್ ತಪ್ಪು, 100 ಮೀಟರಿನಲ್ಲಿ 1.4 ಮೀಟರ್. ಒತ್ತೆಯಾಳು ಕೈಗೆಟಕುವಷ್ಟು ಹತ್ತಿರದಲ್ಲಿ ಕೂತಿರುವಾಗ 40 ಸೆಂಟಿಮೀಟರ್ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಗುರಿಯೂ ತೇಲುತ್ತಿತ್ತು. ಏಪ್ರಿಲ್ 8ರಂದು ಮರ್ಸ್ಕ್ ಅಲಬಾಮಾ ಎಂಬ ಸರಕು ಹಡಗಿಗೆ ಹತ್ತಿದ ಕಡಲ್ಗಳ್ಳರು ಅದರ ಕ್ಯಾಪ್ಟನ್ ಫಿಲಿಪ್ಸ್ ಅವರನ್ನು ಮುಚ್ಚಿದ ಲೈಫ್‌ಬೋಟಿನಲ್ಲಿ ಕೂಡಿಹಾಕಿದ್ದರು. ಏಪ್ರಿಲ್ 12ರ ಹೊತ್ತಿಗೆ ಸಮುದ್ರ ಕೆಡತೊಡಗಿತು. ಆಗ ಅಮೆರಿಕದ ಯುದ್ಧನೌಕೆ ಬೇನ್‌ಬ್ರಿಜ್ ಅವರ ಬೋಟಿಗೆ ಹಗ್ಗ ಹಾಕಿ ಎಳೆಯತೊಡಗಿತು, ಹಗ್ಗವನ್ನು ಸ್ವಲ್ಪಸ್ವಲ್ಪವಾಗಿ ಗಿಡ್ಡ ಮಾಡಿಕೊಂಡಿತು. ಆ ಕಾರ್ಯಾಚರಣೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಈ ಹಗ್ಗದ ಕೆಲಸವನ್ನು. ಎರಡು ದೋಣಿ ತಮ್ಮ ತಮ್ಮ ಲಯದಲ್ಲಿ ತೂಗುತ್ತಿದ್ದರೆ ಲೆಕ್ಕ ಕೈಮೀರುತ್ತದೆ. ಒಂದನ್ನು ಇನ್ನೊಂದಕ್ಕೆ ಕಟ್ಟಿದರೆ ದೂರ, ದಿಕ್ಕು, ವೇಗ ಮೂರೂ ಬಹುಮಟ್ಟಿಗೆ ನಿಂತವು. ಉಳಿದದ್ದು ಏರಿಳಿತ ಮಾತ್ರ. ಅದರ ಮೇಲೆ ಕತ್ತಲು, ಸಣ್ಣ ಕಿಂಡಿಗಳು, ಬೋಟಿನಲ್ಲಿದ್ದ ಮೂವರು ಕಡಲ್ಗಳ್ಳರೂ ಒಟ್ಟಿಗೇ ಕಣ್ಣಿಗೆ ಬೀಳಬೇಕೆಂಬ ಕಟ್ಟು. ಒಬ್ಬ ಉಳಿದರೂ ಕ್ಯಾಪ್ಟನ್ ಉಳಿಯುತ್ತಿರಲಿಲ್ಲ. ಸ್ನೈಪರ್‌ಗಳ ಕೈಚಳಕಕ್ಕೆ ನನ್ನ ನಮಸ್ಕಾರವಿದೆ. ಆದರೆ ಹಗ್ಗ ಹಿಡಿದ ನಾವಿಕರ ಬಗ್ಗೆ ಯಾರೂ ಬರೆಯುವುದಿಲ್ಲವಲ್ಲ ಎಂಬ ಬೇಸರವೂ ಇದೆ.

ವಾಲಾಟದ ಈ ಕಾಟ ಹಳೆಯದು. ಕೊಚ್ಚಿಯ ಐಎನ್‌ಎಸ್ ದ್ರೋಣಾಚಾರ್ಯ ಗನ್ನರಿ ಶಾಲೆಯಲ್ಲಿ ಕಲಿತ ದಿನಗಳಿಂದಲೂ ನನಗೆ ಪ್ರಿಯವಾದ ಹೆಸರು ಪರ್ಸಿ ಸ್ಕಾಟ್. ಅವರ ಕಾಲದವರೆಗೆ ತೋಪಿನವನು ಕಾಯುತ್ತಿದ್ದ: ಹಡಗು ವಾಲುತ್ತ ಬಂದು ಗುರಿ ತಾನಾಗಿ ಕಣ್ಣಿಗೆ ಕೂಡಿದಾಗ ಹೊಡೆಯುತ್ತಿದ್ದ. 1898ರಲ್ಲಿ ಬ್ರಿಟಿಷ್ ನೌಕೆ ಸಿಲ್ಲಾದ ಕ್ಯಾಪ್ಟನ್ ಆಗಿದ್ದ ಸ್ಕಾಟ್, ಒಬ್ಬ ತೋಪಿನವನು ಮಾತ್ರ ಉಳಿದವರಿಗಿಂತ ಚೆನ್ನಾಗಿ ಹೊಡೆಯುವುದನ್ನು ಗಮನಿಸಿದರು. ಅವನು ಕಾಯುತ್ತಿರಲಿಲ್ಲ. ವಾಲಾಟಕ್ಕೆ ಎದುರಾಗಿ, ತೋಪನ್ನು ಏರಿಳಿಸುವ ಚಕ್ರ ತಿರುಗಿಸುತ್ತ ಗುರಿಯನ್ನು ಬಿಡದೆ ಹಿಡಿದಿರುತ್ತಿದ್ದ. ಸ್ಕಾಟ್ ತೋಪಿನ ಗಿಯರ್ ಬದಲಿಸಿ, ದುರ್ಬೀನು ಕೂಡಿಸಿ, ಎಲ್ಲರಿಗೂ ಅದನ್ನೇ ಕಲಿಸಿದರು. ಮರುವರ್ಷದ ಸ್ಪರ್ಧೆಯಲ್ಲಿ ಸಿಲ್ಲಾ ಹೊಡೆದ ಗುಂಡುಗಳಲ್ಲಿ ಶೇ 80ರಷ್ಟು ಗುರಿ ಮುಟ್ಟಿದವು. ರೈಫಲ್ ಹಿಡಿದವನಿಗೆ ಚಕ್ರವಿಲ್ಲ. ಸೊಂಟ, ಮಂಡಿ, ಮುಂಗೈಗಳೇ ಆ ಕೆಲಸ ಮಾಡಬೇಕು. ಅದು ಪುಸ್ತಕದಿಂದ ಬರುವುದಿಲ್ಲ.

ಪ್ರಶ್ನೆ: ಹೆಲಿಕಾಪ್ಟರಿನ ರೆಕ್ಕೆ ಅಷ್ಟು ಗಾಳಿ ಬೀಸುವಾಗ ಗುಂಡು ದಾರಿ ತಪ್ಪುವುದಿಲ್ಲವೇ?
– ಓದುಗರು, ಮೂಡುಬಿದಿರೆ

ಉತ್ತರ: ಇದನ್ನು ಬಹಳ ಜನ ಕೇಳುತ್ತಾರೆ. ಗುಂಡು ಆ ಗಾಳಿಯಿಂದ ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಆಚೆ ಹೋಗಿರುತ್ತದೆ, ಹಾಗಾಗಿ ಹತ್ತಿರದ ಗುರಿಗೆ ಅದು ದೊಡ್ಡ ತೊಡಕಲ್ಲ. ನಿಜವಾದ ತೊಡಕು ಎರಡು: ನಡುಕ ಮತ್ತು ವೇಗ.

ಅಮೆರಿಕದ ಕರಾವಳಿ ಕಾವಲು ಪಡೆಯಲ್ಲಿ ಹಿಟ್ರಾನ್ ಎಂಬ ಹೆಲಿಕಾಪ್ಟರ್ ತುಕಡಿಯಿದೆ. 1998ರಲ್ಲಿ ಪ್ರಯೋಗವೆಂದು ಶುರುವಾದದ್ದು, ಈಗ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ನೆಲೆಯೂರಿದೆ. ಕೊಕೇನ್ ತುಂಬಿಕೊಂಡು ಓಡುವ ವೇಗದ ದೋಣಿಗಳನ್ನು ತಡೆಯುವುದು ಅದರ ಕೆಲಸ. ಮೊದಲು ರೇಡಿಯೊದಲ್ಲಿ ಕೂಗಿ ಹೇಳುತ್ತಾರೆ, ಸೈರನ್ ಹಾಕುತ್ತಾರೆ, ಮಷೀನ್‌ಗನ್ನಿನಿಂದ ದೋಣಿಯ ಮುಂದಿನ ನೀರಿಗೆ ಎಚ್ಚರಿಕೆಯ ಗುಂಡು ಹಾರಿಸುತ್ತಾರೆ. ಆಗಲೂ ನಿಲ್ಲದಿದ್ದರೆ ಬಾಗಿಲಲ್ಲಿ ಕೂತ ಗನ್ನರ್ 12.7 ಮಿ.ಮೀ. ರೈಫಲಿನಿಂದ ದೋಣಿಯ ಹಿಂಬದಿಯ ಎಂಜಿನ್‌ಗಳಿಗೆ ಹೊಡೆಯುತ್ತಾನೆ. ಎಂಜಿನ್‌ಗೆ, ಮನುಷ್ಯರಿಗಲ್ಲ. ಆ ಮನುಷ್ಯರೋ ಎಂಜಿನ್ನಿನ ಮಗ್ಗುಲಲ್ಲೇ, ಪೆಟ್ರೋಲ್ ಡ್ರಮ್ಮುಗಳ ನಡುವೆ ಕೂತಿರುತ್ತಾರೆ. ರೈಫಲ್ ಹಿಡಿಯುವ ಕೆಲಸದಲ್ಲೇ ಇದರಷ್ಟು ಗೌರವ ನನಗೆ ಬೇರೊಂದರ ಮೇಲಿಲ್ಲ.

ಹೆಲಿಕಾಪ್ಟರ್ 60 ನಾಟ್ ವೇಗದಲ್ಲಿದ್ದರೆ ಸೆಕೆಂಡಿಗೆ 31 ಮೀಟರ್ ಮುಂದೆ ಹೋಗುತ್ತಿರುತ್ತದೆ. ನಳಿಗೆಯಿಂದ ಹೊರಟ ಗುಂಡೂ ಆ ವೇಗವನ್ನು ಹೊತ್ತೇ ಹೊರಡುತ್ತದೆ. 100 ಮೀಟರ್ ಪಕ್ಕದಲ್ಲಿ ನಿಂತ ದೋಣಿಗೆ ನೇರ ಗುರಿಯಿಟ್ಟರೆ ಗುಂಡು ಮೂರೂವರೆ ಮೀಟರಿಗೂ ಹೆಚ್ಚು ಮುಂದೆ ಬೀಳುತ್ತದೆ. ದೋಣಿಯೂ ಅದೇ ವೇಗದಲ್ಲಿ ಜೊತೆಜೊತೆಗೆ ಓಡುತ್ತಿದ್ದರೆ? ಪಕ್ಕಪಕ್ಕ ಒಂದೇ ವೇಗದಲ್ಲಿ ಸಾಗುವ ಎರಡು ಬಸ್ಸುಗಳ ನಡುವೆ ಕಿಟಕಿಯಿಂದ ಕಿಟಕಿಗೆ ಕಿತ್ತಳೆ ಎಸೆದಂತೆ, ವೇಗದ ಲೆಕ್ಕ ಹೆಚ್ಚುಕಮ್ಮಿ ಹೊಡೆದುಹೋಗುತ್ತದೆ. ಎದುರು ಗಾಳಿ ಗುಂಡನ್ನು ಹಿಂದಕ್ಕೆ ತಳ್ಳುವುದು ಆ ದೂರದಲ್ಲಿ ಗೇಣಿನೊಳಗಿನ ಮಾತು. ಆದ್ದರಿಂದ ದೋಣಿ ಅತ್ತಿತ್ತ ತಿರುಗಿದಂತೆ ಅದರ ವೇಗಕ್ಕೆ ತನ್ನ ವೇಗ ಕೂಡಿಸಿ ಹಿಡಿಯುವ ಪೈಲಟ್ಟೇ ಅರ್ಧ ಗುಂಡು ಹೊಡೆದ ಹಾಗೆ. ಅವನು ನೀರಿಗೆ ಅಷ್ಟು ಹತ್ತಿರದಲ್ಲಿ, ಎಷ್ಟೋ ಸಲ ರಾತ್ರಿಯಲ್ಲಿ, ಹಾರುತ್ತಿರುತ್ತಾನೆ ಎಂಬುದನ್ನೂ ನೆನಪಿಡಿ.

ನಡುಕದ ವಿಷಯ: ಅವರ ಡಾಲ್ಫಿನ್ ಹೆಲಿಕಾಪ್ಟರಿನ ನಾಲ್ಕು ರೆಕ್ಕೆಗಳು ನಿಮಿಷಕ್ಕೆ ಸುಮಾರು 350 ಸುತ್ತು ಸುತ್ತುತ್ತವೆ, ಅಂದರೆ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಹೊಡೆತ. ರೈಫಲನ್ನು ಬಾಗಿಲ ಚೌಕಟ್ಟಿಗೆ ಗಟ್ಟಿಯಾಗಿ ಊರಿದರೆ ಅಷ್ಟೂ ನಡುಕ ದುರ್ಬೀನಿಗೆ ಬರುತ್ತದೆ. ಊರಬಾರದು. ಬಾಗಿಲಿಗೆ ಅಡ್ಡ ಕಟ್ಟಿದ ಪಟ್ಟಿಯ ಮೇಲೋ ಹಿಗ್ಗುವ ಹಗ್ಗದ ಮೇಲೋ ನಳಿಗೆಯ ಭಾರ ಬಿಟ್ಟು, ನಡುಕವನ್ನು ಮೈಮಾಂಸವೇ ನುಂಗುವಂತೆ ಕೂರಬೇಕು.

ಪ್ರಶ್ನೆ: ಬೆನ್ನಟ್ಟುವ ಬೋಟಿನಿಂದಲೇ ಎಂಜಿನ್‌ಗೆ ಹೊಡೆದರಾಗದೇ?
– ಓದುಗರು, ಕುಂದಾಪುರ

ಉತ್ತರ: ಕಡಲ ತೀರದ ನಿಮಗೆ ಗೊತ್ತೇ ಇರುತ್ತದೆ, ಓಡುವ ಸಣ್ಣ ಬೋಟು ತೂಗುವುದಿಲ್ಲ, ಅಪ್ಪಳಿಸುತ್ತದೆ. ಅದಕ್ಕೆ ಲಯವೇ ಇಲ್ಲ, ಲಯವಿಲ್ಲದ್ದನ್ನು ಮೈ ಮುಂಚಿತವಾಗಿ ಊಹಿಸಲಾರದು. ಇನ್ನೊಂದು ಅಪಾಯ ನೀರಿನದು. ಬೋಟಿನ ಎತ್ತರದಿಂದ ಓರೆಯಾಗಿ ಬಿದ್ದ ಗುಂಡು ನೀರಿನಲ್ಲಿ ಮುಳುಗದೆ ಪುಟಿದು ದೂರ ಹೋಗುತ್ತದೆ, ಯಾವ ಮೀನುಗಾರನ ದೋಣಿಗೆ ಬಡಿಯುತ್ತದೋ ಹೇಳಲಾಗದು. ಮೇಲಿನಿಂದ ಹೊಡೆದರೆ ತಪ್ಪಿದ ಗುಂಡು ಮುಳುಗುವ ಸಂಭವ ಹೆಚ್ಚು.

ಪ್ರಶ್ನೆ: ಕ್ಯಾಮೆರಾಕ್ಕೆ ನಡುಕ ತಡೆಯುವ ಯಂತ್ರವಿದೆ, ರೈಫಲಿಗೆ ಯಾಕಿಲ್ಲ?
– ಓದುಗರು, ಬೆಂಗಳೂರು

ಉತ್ತರ: ಬಂದೂಕಿಗೂ ಇದೆ. ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲಿ ತಯಾರಾಗುವ 12.7 ಮಿ.ಮೀ. ಸ್ಟೆಬಿಲೈಸ್ಡ್ ರಿಮೋಟ್ ಕಂಟ್ರೋಲ್ ಗನ್ ನಮ್ಮ ನೌಕಾಪಡೆಗೂ ಕರಾವಳಿ ಕಾವಲು ಪಡೆಗೂ ಬಂದಿದೆ. ಹಡಗು ಹೇಗೆ ತೂಗಿದರೂ ಅದು ಗುರಿ ಹಿಡಿದಿರುತ್ತದೆ, ಹೊಡೆಯುವವನು ಒಳಗೆ ಪರದೆಯ ಮುಂದೆ ಕೂತಿರುತ್ತಾನೆ. ಆದರೆ ಅದು ಡೆಕ್ಕಿಗೆ ಬೋಲ್ಟ್ ಹಾಕಿ ನಿಲ್ಲಿಸುವ ಭಾರದ ಯಂತ್ರ. ಭುಜಕ್ಕಿಟ್ಟು ಹೊಡೆಯುವ ರೈಫಲಿಗೆ ಅಷ್ಟು ಭಾರ ಹೇರಲಾಗದು.